ಫೋಟೋ ಫೆಬ್ರವರಿಯದು, ಟಿಕೆಟ್ ಅಕ್ಟೋಬರಿನದು: ಬೈಬಲ್ ನಾಡಿನ ಹತ್ತು ದಿನದ ಪ್ರವಾಸ

ಮೊನ್ನೆ ಅವ್ವನ ಚರ್ಚಿನ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಅದೇ ಜಾಹೀರಾತು ಬಂತು. ಪವಿತ್ರ ನಾಡಿನ ಪ್ರವಾಸ, ಹತ್ತು ದಿನ, ಮೂರು ದೇಶ. ಫೋಟೋ ಕೂಡ ಅದೇ. ಹಸಿರು ಗುಡ್ಡ, ಗುಡ್ಡದ ತುಂಬ ಕೆಂಪು ಹೂವು, ಹಿಂದೆ ನೀಲಿ ಕೆರೆ. ಕೆಳಗೆ ದಿನಾಂಕ ನೋಡಿದರೆ ಅಕ್ಟೋಬರ್ ಕೊನೇ ವಾರ. ಇದನ್ನು ನೋಡಿ ಸುಮ್ನೆ ಇರೋಕೆ ಆಗಲಿಲ್ಲ, ಅದಕ್ಕೇ ಈ ರಿವ್ಯೂ ಬರೆಯುತ್ತಿದ್ದೇನೆ.

ನಾನು ಮತ್ತು ಅವ್ವ ಕೋವಿಡ್‌ಗೆ ಮುಂಚೆ ಇದೇ ಹುಬ್ಬಳ್ಳಿಯ ಏಜೆನ್ಸಿಯ ಜೊತೆ ಹೋಗಿ ಬಂದಿದ್ದೇವೆ. ಹೆಸರು ಬರೆಯುವುದಿಲ್ಲ. ಆ ಹುಡುಗರ ಮೇಲೆ ನನಗೆ ಹಗೆ ಏನಿಲ್ಲ, ಮತ್ತೆ ಇಂಥ ಪ್ಯಾಕೇಜ್ ಮಾರುವವರೆಲ್ಲ ಹೆಚ್ಚು ಕಡಿಮೆ ಇದೇ ಥರದ ಫೋಟೋ ಹಾಕುತ್ತಾರೆ, ಹಾಗಾಗಿ ಯಾರ ಹತ್ತಿರ ಬುಕ್ ಮಾಡುವವರಿಗೂ ಇದು ಉಪಯೋಗಕ್ಕೆ ಬರಬಹುದು. ಆ ಕಡೆ ಈಗಿನ ಪರಿಸ್ಥಿತಿ ಬೇರೆ, ಹೋಗುವ ಮುಂಚೆ ಅದನ್ನೂ ವಿಚಾರಿಸಿಕೊಳ್ಳಿ.

ನಮ್ಮ ಬಗ್ಗೆ ಎರಡು ಮಾತು ಹೇಳಲೇಬೇಕು, ಇಲ್ಲದಿದ್ದರೆ ನನ್ನ ದೂರು ಅರ್ಥ ಆಗುವುದಿಲ್ಲ. ಅವ್ವ ಬೆಟಗೇರಿಯವಳು. ಬಾಸೆಲ್ ಮಿಶನ್ನಿನವರು 1841ರಲ್ಲಿ ಬಂದು ಕೂತ ಊರು ಅದು, ಅವಳ ಅಜ್ಜ ಮುತ್ತಜ್ಜ ಎಲ್ಲ ಅದೇ ಚರ್ಚಿನವರು. ಮದುವೆಯಾಗಿ ಬಂದದ್ದು ಅಣ್ಣಿಗೇರಿ ಕಡೆಯ ಎಂಟು ಎಕರೆ ಎರೆ ಹೊಲಕ್ಕೆ. ಬೈಬಲ್ಲೂ ಬಾಯಿಪಾಠ, ಹೊಲವೂ ಬಾಯಿಪಾಠ. ನಾನು ಹುಬ್ಬಳ್ಳಿಯಲ್ಲಿ ನೌಕರಿ ಮಾಡುವ ಮಗ, ಎರಡೂ ಅರ್ಧಂಬರ್ಧ.

ಮೊದಲು ಮಾಮೂಲಿ ವಿಷಯ ಮುಗಿಸಿಬಿಡುತ್ತೇನೆ. ತಲೆಗೆ ಒಂದು ಲಕ್ಷದ ಮೇಲಾಯಿತು. ಬೆಂಗಳೂರಿನಿಂದ ವಿಮಾನ, ಜೋರ್ಡಾನಿನ ಅಮ್ಮಾನ್‌ನಲ್ಲಿ ಇಳಿದು, ಇಸ್ರೇಲಿನ ಉತ್ತರದ ಗಲಿಲಾಯ, ಆಮೇಲೆ ಬೇತ್ಲೆಹೇಮ್, ಯೆರೂಸಲೇಮ್ ನೋಡಿಕೊಂಡು ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಹೋಗಿ ಕೈರೋದಿಂದ ವಾಪಸ್. ಹೋಟೆಲ್ ಚೆನ್ನಾಗಿದ್ದವು. ಊಟಕ್ಕೆ ಕೊರತೆ ಇರಲಿಲ್ಲ, ಆದರೆ ಮೂರನೇ ದಿನಕ್ಕೆ ಎಲ್ಲರೂ ಚೀಲದಿಂದ ಶೇಂಗಾ ಚಟ್ನಿ ತೆಗೆದರು. ಕಡಕ್ ರೊಟ್ಟಿ ಕಟ್ಟಿಕೊಂಡು ಹೋಗಿ. ಕನ್ನಡದಲ್ಲಿ ವಿವರಣೆ ಅಂತ ಹೇಳಿದ್ದರು, ಸಿಕ್ಕಿದ್ದು ಇಂಗ್ಲಿಷು ಮತ್ತು ಮುರುಕು ಹಿಂದಿ. ಎಣ್ಣೆಮರದ, ಅಂದರೆ ಆಲಿವ್ ಮರದ, ಕಟ್ಟಿಗೆಯ ಸಾಮಾನಿನ ಅಂಗಡಿಯಲ್ಲಿ ಒಂದೂವರೆ ತಾಸು ಬಿಡುತ್ತಾರೆ, ಪ್ರವಾದಿ ಎಲೀಯನ ಕಥೆ ನಡೆದ ಕರ್ಮೆಲ್ ಗುಡ್ಡದ ಮೇಲೆ ಇಪ್ಪತ್ತು ನಿಮಿಷ. ಲೆಕ್ಕ ನೀವೇ ಹಾಕಿಕೊಳ್ಳಿ.

ಈಗ ಫೋಟೋಕ್ಕೆ ಬರುತ್ತೇನೆ. ಅದು ಸುಳ್ಳು ಫೋಟೋ ಅಲ್ಲ. ಗಲಿಲಾಯ ಫೆಬ್ರವರಿ ಮಾರ್ಚ್‌ನಲ್ಲಿ ನಿಜವಾಗಿಯೂ ಹಾಗೇ ಇರುತ್ತದಂತೆ. ಆ ಕೆಂಪು ಹೂವು ಅನಿಮೋನೆ, ಹೀಬ್ರೂವಿನಲ್ಲಿ ಕಲನಿತ್ ಅಂತಾರೆ, ಮಳೆ ಹಿಡಿದು ಎರಡು ಮೂರು ತಿಂಗಳಾದ ಮೇಲೆ ಗುಡ್ಡ ತುಂಬ ಅರಳುವ ಹೂವು. ಅಕ್ಟೋಬರ್ ಕೊನೆ ಅಂದರೆ ಆ ನೆಲ ಒಳ್ಳೆ ಮಳೆ ಕಂಡು ಆರು ತಿಂಗಳಾಗಿರುತ್ತದೆ. ನಾವು ಕಂಡದ್ದು ಒಣ ಹುಲ್ಲು, ಮುಳ್ಳು, ಧೂಳು ಮುಚ್ಚಿದ ಮರ, ಬಿಳಿ ಸುಣ್ಣದ ಕಲ್ಲು. ಬೇಸಿಗೆಯಲ್ಲಿ ಗದಗದಿಂದ ಮುಂಡರಗಿಗೆ ಹೋಗುವಾಗ ಕಪ್ಪತಗುಡ್ಡದ ಬುಡ ಕಾಣುತ್ತದಲ್ಲ, ಹಾಗೆ. ಬಸ್ಸಿನಲ್ಲಿ ನಮ್ಮ ಹಿಂದೆ ಕೂತಿದ್ದ ಧಾರವಾಡದ ಅಕ್ಕ ಎರಡನೇ ದಿನವೇ ಮುಖ ಸಣ್ಣ ಮಾಡಿಕೊಂಡು, 'ಹಾಲು ಜೇನು ಹರಿಯೋ ನಾಡು ಇದೇನ್ರಿ?' ಅಂದರು. ಗುಂಪಿನ ಮುಖ್ಯಸ್ಥ ಹುಡುಗ, ಈ ಸಲ ಮಳೆ ಕಡಿಮೆ ಮೇಡಂ, ಅಂದುಬಿಟ್ಟ. ಅಲ್ಲೇ ನನಗೆ ಸಿಟ್ಟು ಬಂದದ್ದು. ಯಾಕೆಂದರೆ ಆ ವರ್ಷದ ಮಳೆ ಇನ್ನೂ ಶುರುವೇ ಆಗಿರಲಿಲ್ಲ!

ಇಲ್ಲೊಂದು ಕನ್ನಡದ ಗುಟ್ಟಿದೆ. ನಮ್ಮ ಕನ್ನಡ ಬೈಬಲಿನಲ್ಲಿ, ಧರ್ಮೋಪದೇಶಕಾಂಡದ 11ನೇ ಅಧ್ಯಾಯದಲ್ಲಿ, ಮುಂಗಾರು ಹಿಂಗಾರು ಎರಡನ್ನೂ ಹೊತ್ತಿಗೆ ಸರಿಯಾಗಿ ಸುರಿಸುತ್ತೇನೆ ಅಂತ ದೇವರು ಮಾತು ಕೊಡುತ್ತಾನೆ. ಹೀಬ್ರೂವಿನಲ್ಲಿ ಅವು ಯೋರೆ ಮತ್ತು ಮಲ್ಕೋಷ್. ಅವ್ವ ಇಷ್ಟು ವರ್ಷ ಅದನ್ನು ಮಿರಗದ ಮಳೆ ಮತ್ತು ಉತ್ತರಿ, ಹಸ್ತ ಅಂತಲೇ ಓದಿಕೊಂಡು ಬಂದಿದ್ದಳು. ತಪ್ಪು ಅವಳದಲ್ಲ, ಮುಂಗಾರು ಅಂದರೆ ಅಣ್ಣಿಗೇರಿಯಲ್ಲಿ ಜೂನ್ ಅಲ್ವಾ? ಆದರೆ ಅಲ್ಲಿಯ ಮುಂಗಾರು ಅಕ್ಟೋಬರ್ ಕೊನೆ, ನವೆಂಬರಿನದು. ಬಿರಿದ ನೆಲ ಮೆತ್ತಗೆ ಮಾಡುವ ಮಳೆ, ಅದು ಬಿದ್ದ ಮೇಲೆಯೇ ನೇಗಿಲು ಕಟ್ಟುವುದು, ಗೋದಿ, ಜವೆಗೋದಿ (ಬಾರ್ಲಿ) ಬಿತ್ತುವುದು. ಡಿಸೆಂಬರಿನಿಂದ ಫೆಬ್ರವರಿವರೆಗೆ ಚಳಿ ಜೊತೆ ದೊಡ್ಡ ಮಳೆ. ಹಿಂಗಾರು ಅಂದರೆ ಮಾರ್ಚ್, ಏಪ್ರಿಲ್, ಕಾಳು ಕಟ್ಟುವ ಹೊತ್ತಿನ ಮಳೆ. ಆಮೇಲೆ ಆಕಾಶ ಬಾಗಿಲು ಹಾಕಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯೆರೂಸಲೇಮಿನಲ್ಲಿ ಹೇಳಿಕೊಳ್ಳುವಂಥ ಒಂದು ಮಳೆಯೂ ಇಲ್ಲ. ನಮ್ಮಲ್ಲಿ ರೋಹಿಣಿ ಮಳೆಗೆ ಓಣೆಲ್ಲ ಜೋಳ ಅಂತ ಆಕಾಶ ನೋಡುವ ದಿನಗಳಲ್ಲಿ ಅವರು ಗೋದಿ ಕೊಯ್ದು ಕಣಕ್ಕೆ ಹಾಕುತ್ತಿರುತ್ತಾರೆ.

ಇನ್ನೂ ಮಜಾ ಅಂದರೆ ಒಟ್ಟು ಮಳೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಯೆರೂಸಲೇಮಿಗೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್, ನಮ್ಮ ಗದಗಿನ ಸುತ್ತ 600ರ ಆಸುಪಾಸು. ಎತ್ತರವೂ ಹಾಗೇ, ಧಾರವಾಡವೂ ಯೆರೂಸಲೇಮೂ ಎರಡೂ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲೆ. ಮಳೆ ಬರುವುದೂ ಪಡುವಣದಿಂದಲೇ. ಪಡುವಣದಲ್ಲಿ ಮೋಡ ಎದ್ದರೆ ಮಳೆ ಬರುತ್ತದೆ ಅಂತ ಹೇಳುತ್ತೀರಲ್ಲ ಅಂತ ಯೇಸು ಜನರನ್ನು ಕೇಳುವ ಮಾತು ಲೂಕನ ಸುವಾರ್ತೆಯಲ್ಲಿದೆ. ಅದನ್ನು ಧಾರವಾಡದ ಸಂತೆಯಲ್ಲಿ ಹೇಳಿದರೂ ಎಲ್ಲರೂ ಹೌದು ಅಂತಾರೆ. ಬದಲಾಗುವುದು ತಿಂಗಳು ಒಂದೇ.

ತಿಂಗಳು ಬದಲಾದರೆ ಕಥೆಯೇ ಬದಲಾಗುತ್ತದೆ. ಉದಾಹರಣೆಗೆ ಬೈಬಲಿನ ಪ್ರವಾದಿ ಸಮುವೇಲನ ಕಥೆ. ಈಗ ಗೋದಿಯ ಸುಗ್ಗಿ ಅಲ್ಲವಾ, ಆದರೂ ನೋಡಿ ಅಂತ ಹೇಳಿ ಗುಡುಗು ಮಳೆ ತರಿಸುತ್ತಾನೆ, ಜನ ನಡುಗಿಹೋಗುತ್ತಾರೆ. ನಾನು ಸಣ್ಣವನಿದ್ದಾಗ ಇದನ್ನು ಕೇಳಿ, ಸುಗ್ಗಿಯಲ್ಲಿ ಮಳೆ ಬಂದರೆ ಅದರಲ್ಲೇನು ವಿಶೇಷ ಅಂದುಕೊಂಡಿದ್ದೆ. ನಮ್ಮ ಹೆಸರಿಗೆ ಆಗಸ್ಟಿನಲ್ಲಿ ಪ್ರತಿ ವರ್ಷ ಅದೇ ಗತಿ, ಬುಡ್ಡಿ ಬಿಡಿಸುವ ಹೊತ್ತಿಗೆ ಜಡಿ ಹಿಡಿದು ಗಿಡದಲ್ಲೇ ಮೊಳಕೆ. ಅಲ್ಲಿ ಮಾತ್ರ ಗೋದಿ ಕೊಯ್ಯುವ ಕಾಲಕ್ಕೆ ಮಳೆ ಅಂದರೆ ಪವಾಡವೇ. ಇದನ್ನು ಬಸ್ಸಿನಲ್ಲಿ ಎರಡು ನಿಮಿಷ ಹೇಳಿದ್ದರೆ ಸಾಕಿತ್ತು, ಹಿಂದಿನ ಸೀಟಿನ ಅಕ್ಕನ ಮುಖ ಅರಳುತ್ತಿತ್ತು. ಹತ್ತು ದಿನದಲ್ಲಿ ಒಬ್ಬರೂ ಹೇಳಲಿಲ್ಲ. ಯಾವ ಚರ್ಚ್ ಯಾವ ಇಸವಿಯಲ್ಲಿ ಯಾರು ಕಟ್ಟಿಸಿದರು, ಅದು ಮಾತ್ರ ತಲೆ ಚಿಟ್ಟು ಹಿಡಿಯುವಷ್ಟು ಹೇಳಿದರು.

ಇಡೀ ಪ್ರವಾಸದಲ್ಲಿ ಅವ್ವ ಕಿಟಕಿಗೆ ಅಂಟಿಕೊಂಡು ಕೂತದ್ದು ಇಜ್ರೇಲ್ ಕಣಿವೆಯಲ್ಲಿ. ಕಾರ್ಯಕ್ರಮದ ಪಟ್ಟಿಯಲ್ಲಿ ಇದು ಒಂದು ಸಾಲೂ ಇಲ್ಲ, ನಜರೇತಿಗೆ ಹೋಗುವ ದಾರಿ ಅಷ್ಟೇ. ಕಲ್ಲು ಗುಡ್ಡ ಇಳಿದು ಬಯಲು ಬಂತು ನೋಡಿ, ಅವ್ವ ನನ್ನ ತೋಳು ಹಿಂಡಿದಳು. 'ಏ, ಎರಿ ಹೊಲ!' ಹೌದು, ಅಪ್ಪಟ ಕರಿ ಮಣ್ಣು. ಬೇಸಿಗೆಯ ಬಿರುಕು ಇನ್ನೂ ಬಾಯಿ ಬಿಟ್ಟಿತ್ತು. ರಸ್ತೆ ಪಕ್ಕದ ಮುಳ್ಳಿಗೆ ಹತ್ತಿಯ ಬಿಳಿ ಎಳೆ ಸಿಕ್ಕಿಕೊಂಡಿದ್ದವು, ಆಗಷ್ಟೇ ಹತ್ತಿ ಬಿಡಿಸಿ ಸಾಗಿಸಿದ್ದರು. ಬಸ್ ನಿಲ್ಲಿಸಿ ಅಂದರೆ ಮುಖ್ಯಸ್ಥ ಹುಡುಗ ಗಡಿಯಾರ ತೋರಿಸಿದ. ಕೊನೆಗೆ ಅಲ್ಲಿಯ ಡ್ರೈವರ್ ತಾನೇ ಪೆಟ್ರೋಲ್ ಪಂಪಿನ ಹತ್ತಿರ ನಿಲ್ಲಿಸಿದ. ಅವ್ವ ಇಳಿದು ಒಂದು ಹೆಂಟೆ ಎತ್ತಿ ಒಡೆದು, ಬೆರಳಲ್ಲಿ ತಿಕ್ಕಿ, 'ನಮ್ಮದಕ್ಕಿಂತ ಜರಾ ಬಿಗಿ ಐತಿ' ಅಂದಳು. ಇಜ್ರೇಲ್ ಅನ್ನುವ ಹೆಸರಿನ ಅರ್ಥವೇ ದೇವರು ಬಿತ್ತುತ್ತಾನೆ ಅಂತ.

ಈ ಮಣ್ಣು ಕಂಡ ಮೇಲೆ ಸೀಸೆರನ ಕಥೆ ಬೇರೆ ಹೇಳಬೇಕಾಗಿಲ್ಲ. ಬೈಬಲಿನ ನ್ಯಾಯಸ್ಥಾಪಕರ ಪುಸ್ತಕದಲ್ಲಿ ಈ ಕಾನಾನ್ಯರ ಸೇನಾಪತಿಯ ಹತ್ತಿರ 900 ಕಬ್ಬಿಣದ ರಥ. ಎದುರು ಇದ್ದವರು ತಾಬೋರ್ ಗುಡ್ಡದಿಂದ ಇಳಿದು ಬಂದ ಇಸ್ರಾಯೇಲ್ಯರ ಕಾಲಾಳುಗಳು. ಮಳೆ ಸುರಿಯಿತು, ಕೀಷೋನ್ ಹೊಳೆ ಉಕ್ಕಿತು, ರಥದವನು ರಥ ಬಿಟ್ಟು ಕಾಲ್ನಡಿಗೆಯಲ್ಲಿ ಓಡಿಹೋದ. ಯಾಕೆ ಓಡಿದ ಅಂತ ಎರೆ ಹೊಲದವರನ್ನು ಕೇಳಿ. ಒಂದು ದೊಡ್ಡ ಮಳೆ ಬಿದ್ದ ಮೇಲೆ ನವಲಗುಂದ ಕಡೆಯ ಹೊಲದಲ್ಲಿ ಟ್ರ್ಯಾಕ್ಟರ್ ಇಳಿಸಿ ನೋಡಿ, ಗಾಲಿಗೆ ಮಣ್ಣು ಮೆತ್ತಿಕೊಂಡು ಗಾಲಿಯೇ ಕಾಣುವುದಿಲ್ಲ, ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ಬಂದರೆ ಅದೂ ಕೂತುಬಿಡುತ್ತದೆ. ಚಪ್ಪಲಿ ಹಾಕಿಕೊಂಡು ಹತ್ತು ಹೆಜ್ಜೆ ನಡೆದರೆ ಕಾಲಿಗೆ ಎರಡು ಕಿಲೋ. ರಥ ಯಾವ ಲೆಕ್ಕ.

ಅದೇ ಕಣಿವೆಯ ಮೂಡಣ ತುದಿಯಲ್ಲಿ ಬೈಬಲಿನ ಇನ್ನೊಬ್ಬ ವೀರ ಗಿದ್ಯೋನನ ಹರೋದ್ ಬುಗ್ಗೆ. ಗಿದ್ಯೋನ ಕಣದಲ್ಲಿ ಕುರಿಯ ತುಪ್ಪಟ ಹಾಸಿಟ್ಟು, ಬೆಳಗ್ಗೆ ಅದನ್ನು ಹಿಂಡಿ ಬಟ್ಟಲು ತುಂಬ ಇಬ್ಬನಿ ನೀರು ತೆಗೆದನಲ್ಲ. ಗುಂಪಿನಲ್ಲಿ ಪಟ್ಟಣದವರೆಲ್ಲ ಅದು ಹೇಗೆ ಸಾಧ್ಯ ಅಂತ ಮಾತಾಡುತ್ತಿದ್ದರು. ಅವ್ವ ನಕ್ಕಳು. ನಮ್ಮಲ್ಲಿ ಕಡಲೆ ಹೊಲದಲ್ಲಿ ರಾತ್ರಿ ಬಿಳಿ ಅರಿವೆ ಹಾಸಿ, ನಸುಕಿನಲ್ಲಿ ಹಿಂಡಿ ಕಡಲೆ ಹುಳಿ ತೆಗೆಯುತ್ತಿದ್ದರು, ಹೊಟ್ಟೆನೋವಿಗೆ ಔಷಧ. ಅವಳು ಸ್ವತಃ ಹಿಂಡಿದ್ದಾಳೆ. ಮಳೆ ಇಲ್ಲದ ಅಲ್ಲಿಯ ಬೇಸಿಗೆಯಲ್ಲಿ ಸಮುದ್ರದ ತೇವ ರಾತ್ರಿ ಇಬ್ಬನಿಯಾಗಿ ಇಳಿಯುತ್ತದೆ, ಕಲ್ಲಂಗಡಿ, ದ್ರಾಕ್ಷಿಗೆ ಅದೇ ಆಸರೆ. ಬೈಬಲಿನಲ್ಲಿ ಇಬ್ಬನಿಗೆ ಅಷ್ಟು ಬೆಲೆ ಯಾಕೆ ಅಂತ ಆಗ ಗೊತ್ತಾಯಿತು. ಯೆಹೂದ್ಯರು ವಸಂತದ ಪಸ್ಕ ಹಬ್ಬದಲ್ಲಿ ಇಬ್ಬನಿಗಾಗಿಯೇ ಬೇರೆ ಪ್ರಾರ್ಥನೆ ಮಾಡುತ್ತಾರೆ.

ಪೂರ್ತಿ ದುಡ್ಡು ವಸೂಲಾದ ಜಾಗ ನಜರೇತ್ ವಿಲೇಜ್. ಆ ಕಾಲದ ಹಳ್ಳಿಯನ್ನು ಗುಡ್ಡದ ಓರೆಯಲ್ಲಿ ಮತ್ತೆ ಕಟ್ಟಿದ್ದಾರೆ, ಕಲ್ಲಿನ ಒಡ್ಡು, ಕಾವಲು ಗೋಪುರ, ಕಣ, ಬಂಡೆಯಲ್ಲಿ ಕಡಿದ ನಿಜವಾದ ಹಳೇ ದ್ರಾಕ್ಷಿ ತೊಟ್ಟಿ ಎಲ್ಲ ಇದೆ. ಯೇಸು ಹೇಳಿದ ಬಿತ್ತುವವನ ಸಾಮ್ಯ, ಅಂದರೆ ನೀತಿಕಥೆ, ನನಗೆ ಅರ್ಥ ಆದದ್ದು ಇಲ್ಲಿ. ನಮ್ಮ ಅಜ್ಜ ಆ ಸಾಮ್ಯ ಕೇಳಿದಾಗಲೆಲ್ಲ ನಗುತ್ತಿದ್ದ, ದಾರಿ ಮೇಲೆ, ಬಂಡೆ ಮೇಲೆ, ಮುಳ್ಳಿನಲ್ಲಿ ಬೀಜ ಚೆಲ್ಲುವವ ಎಂಥಾ ಒಕ್ಕಲಿಗ ಅಂತ. ಅಜ್ಜನದು ಕೂರಿಗೆ. ಬಟ್ಟಲಿಗೆ ಕಾಳು ಬಿಟ್ಟರೆ ಕೊಳವೆಯಲ್ಲಿ ಇಳಿದು ಸಾಲಿನಲ್ಲೇ ಬೀಳುತ್ತದೆ. ಅಲ್ಲಿ ಕೈಯಿಂದ ಎರಚುವುದು, ಅದೂ ಮಂಚದಷ್ಟು ಅಗಲದ ಪಟ್ಟಿಯಲ್ಲಿ. ಒಂದು ಕಡೆ ಕಾಲುದಾರಿ, ಇನ್ನೊಂದು ಕಡೆ ಒಡ್ಡಿನ ಮುಳ್ಳು, ನಡುವೆ ಗೇಣು ಮಣ್ಣಿನ ಕೆಳಗೆ ಸುಣ್ಣದ ಬಂಡೆ. ಮುಷ್ಟಿ ಎರಚಿದರೆ ನಾಲ್ಕೂ ಕಡೆ ಬೀಳಲೇಬೇಕು.

ಕಣದಲ್ಲಿ ಅವ್ವ ಗೈಡ್ ಹುಡುಗಿಗೇ ಪಾಠ ಮಾಡಿದಳು. ತುಳಿಯುವ ಎತ್ತಿನ ಬಾಯಿ ಕಟ್ಟಬೇಡ ಅಂತ ಮೋಶೆಯ ನೇಮ. ನಮ್ಮಲ್ಲಿ ಮೇಟಿ ನೆಟ್ಟು ಹಂತಿ ಹೊಡೆಯುವಾಗ ಎಷ್ಟೋ ಜನ ಎತ್ತಿಗೆ ಕುಕ್ಕೆ ಕಟ್ಟುತ್ತಿದ್ದರು, ಅವಳ ಅಪ್ಪ ಮಾತ್ರ ಈ ವಚನ ಹೇಳಿ ಕಟ್ಟುತ್ತಿರಲಿಲ್ಲವಂತೆ. 'ಹಂಗಾಗಿ ನಮ್ಮ ಎತ್ತು ಹಂತ್ಯಾಗ ಡುಬ್ಬಾಗತಿದ್ವು' ಅಂದಳು. ಇದನ್ನು ನಾನು ಇಂಗ್ಲಿಷಿಗೆ ತಿರುಗಿಸೋಕೆ ಆಗದೆ ಬೆವತುಹೋದೆ. ಕಾವಲು ಗೋಪುರ ನೋಡಿ ನಮ್ಮ ಜೋಳದ ಹೊಲದ ಅಟ್ಟ ನೆನಪಾಯಿತು, ಅಲ್ಲಿ ನಿಂತು ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದದ್ದು. ದಾವೀದನ ಕವಣೆಯೂ ಕುರಿ ಕಾಯುವವನ ಕವಣೆಯೇ.

ಬೇತ್ಲೆಹೇಮಿನಲ್ಲಿ ಗೈಡ್ ಬದಲಾದ, ಪ್ರವಾಸವೂ ಬದಲಾಯಿತು. ಹತ್ತಿರದ ಬೇತ್ ಜಾಲಾ ಊರಿನ ಪ್ಯಾಲೆಸ್ತೀನಿ ಕ್ರೈಸ್ತ, ವಯಸ್ಸಾದ ಮನುಷ್ಯ, ಮನೆಗೆ ಎಣ್ಣೆಮರಗಳಿವೆ. ಅವನೂ ಮೊದಲು ಚರ್ಚಿನಿಂದಲೇ ಶುರು ಮಾಡಿದ. ಅವ್ವ ನನ್ನ ಮೂಲಕ, ನಿಮ್ಮಲ್ಲಿ ಮಳೆ ಯಾವಾಗ ಅಂತ ಕೇಳಿದ್ದೇ ತಡ, ಅವನು ಮೈಕು ಕೆಳಗಿಟ್ಟು ನಮ್ಮ ಸೀಟಿಗೆ ಬಂದು ಕೂತ. ಎಣ್ಣೆಕಾಯಿ ಕೊಯ್ಲಿಗೆ ಅವರು ಮೊದಲ ಮಳೆ ಕಾಯುತ್ತಾರೆ, ಆರು ತಿಂಗಳ ಧೂಳು ತೊಳೆದು ಕಾಯಿ ತುಂಬಿಕೊಳ್ಳಲಿ ಅಂತ. ಒಂದು ವರ್ಷ ಮರ ತುಂಬ, ಮುಂದಿನ ವರ್ಷ ಖಾಲಿ. ನಮ್ಮ ಧಾರವಾಡದ ಆಪೂಸ್ ಮಾವಿನ ಹಾಗೇ. ನವೆಂಬರ್ ಮಧ್ಯದಲ್ಲಿ ಲಿದ್ದ ಊರಿನ ಸೇಂಟ್ ಜಾರ್ಜ್ ಹಬ್ಬ, ಅಷ್ಟರೊಳಗೆ ಉಳುಮೆ ಹೂಡಲೇಬೇಕು. ಡಿಸೆಂಬರ್ ಕೊನೆಗೆ ನಲವತ್ತು ದಿನದ ಕಡು ಚಳಿ ಹಿಡಿಯುತ್ತದೆ, ಅದಕ್ಕೆ ಮರ್ಬಾನಿಯ್ಯ ಅಂತಾರೆ, ಅದಾದ ಮೇಲೆ ಐವತ್ತು ದಿನದ ಇನ್ನೊಂದು ಲೆಕ್ಕ. ಅವ್ವ ಬೆರಳು ಮಡಚಿ ರೋಹಿಣಿ, ಮಿರಗ, ಆರಿದ್ರ ಅಂತ ಹದಿಮೂರು ಹದಿನಾಲ್ಕು ದಿನದ ನಮ್ಮ ಲೆಕ್ಕ ಒಪ್ಪಿಸಿದಳು. ಈಗ ಊರಲ್ಲಿ ಸ್ವಾತಿ ಮಳೆ ನಡೆದಿದೆ, ಜೋಳ ಕಡಲೆ ಬಿತ್ತಿ ಬಂದಿದ್ದೇವೆ, ಇದೇ ಕೊನೇ ಮಳೆ ಅಂದಳು. ನಮಗೆ ಇದೇ ಮೊದಲನೇದು ಅಂದ ಅವನು. ಇಬ್ಬರಿಗೂ ಅದರಲ್ಲಿ ಏನೋ ಬಹಳ ಖುಷಿ. ಗುಂಪಿನವರು ಅಷ್ಟೊತ್ತಿಗೆ ಅಂಗಡಿಯಲ್ಲಿದ್ದರು.

ಬೈಬಲಿನ ಬಡ ವಿಧವೆ ರೂತಳ ಹೊಲ ಅಂತ ತೋರಿಸಿದ ಕಡೆ ಬರೀ ಕೂಳೆ, ಕಲ್ಲು. ನೀವು ಏಪ್ರಿಲಿನಲ್ಲಿ ಬರಬೇಕಿತ್ತು ಅಂತ ಅವನೇ ಪೇಚಾಡಿದ. ಜವೆಗೋದಿ ಏಪ್ರಿಲಿಗೆ ಕೊಯ್ಲಿಗೆ ಬರುತ್ತದೆ, ಗೋದಿ ಮೇ ಜೂನ್‌ಗೆ, ರೂತ್ ಆ ಎರಡೂ ಸುಗ್ಗಿ ಮುಗಿಯುವ ತನಕ ಹಕ್ಕಲು ಆಯ್ದಳು. ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಏಳುತ್ತದೆ, ಅದಕ್ಕೇ ಆ ಹೊಲದ ಒಡೆಯ ಬೋವಜ ರಾತ್ರಿ ಹೊತ್ತು ತೂರುತ್ತಿದ್ದದ್ದು, ರಾಶಿಯ ಪಕ್ಕದಲ್ಲೇ ಮಲಗಿದ್ದದ್ದು. ಗಾಳಿ ಬಂದಾಗ ತೂರಿಕೋ ಅನ್ನುವ ನಮ್ಮ ಗಾದೆ ಅವನಿಗೆ ಹೇಳಿದೆವು, ಬರೆದುಕೊಂಡ. ಅವನಿಂದಲೇ ಗೆಜೆರ್ ಕಲ್ಲಿನ ವಿಷಯ ಗೊತ್ತಾದದ್ದು. 1908ರಲ್ಲಿ ಗೆಜೆರ್ ಅನ್ನುವಲ್ಲಿ ಅಗೆಯುವಾಗ ಸಿಕ್ಕ ಅಂಗೈಯಷ್ಟು ಸುಣ್ಣದ ಕಲ್ಲು, ಸುಮಾರು ಮೂರು ಸಾವಿರ ವರ್ಷ ಹಳೆಯದು, ಈಗ ಇಸ್ತಾಂಬುಲ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ರಾಜ ಗೀಜ ಯಾರೂ ಇಲ್ಲ. ಎರಡು ತಿಂಗಳು ಫಲ ಕೂಡಿಡುವುದು, ಎರಡು ಬಿತ್ತನೆ, ಎರಡು ತಡ ಬಿತ್ತನೆ, ಒಂದು ಅಗಸೆ ಕೊಯ್ಯುವುದು, ಒಂದು ಜವೆಗೋದಿ, ಒಂದು ಗೋದಿ ಕೊಯ್ದು ಅಳೆಯುವುದು, ಎರಡು ದ್ರಾಕ್ಷಿ ಬಳ್ಳಿ ಸವರುವುದು, ಒಂದು ಬೇಸಿಗೆ ಹಣ್ಣು. ವರ್ಷ ಮುಗಿಯಿತು. ಏಜೆನ್ಸಿಯವರು ಕೊಟ್ಟ ಎಂಟು ಪುಟದ ಬಣ್ಣದ ಪುಸ್ತಕಕ್ಕಿಂತ ಈ ಏಳು ಸಾಲು ಜಾಸ್ತಿ ಕೆಲಸಕ್ಕೆ ಬರುತ್ತದೆ. ಇದನ್ನೇ ಅಚ್ಚು ಹಾಕಿಸಿ ಹಂಚಿದರೆ ಯಾವ ತಿಂಗಳಿಗೆ ಹೋದರೆ ಏನು ಸಿಗುತ್ತದೆ ಅಂತ ಯಾರೂ ಕೇಳಬೇಕಾಗಿಲ್ಲ.

ಯೆರೂಸಲೇಮಿನಲ್ಲಿ ಎರಡನೇ ರಾತ್ರಿ ಗುಡುಗಿತು. ಬೆಳಗ್ಗೆ ನೋಡಿದರೆ ಬೀದಿ ಒದ್ದೆ, ಮಣ್ಣಿನ ವಾಸನೆ, ಸಾಲುಸಾಲು ಮೋಡ. ಯೋರೆ ಬಂದುಬಿಟ್ಟಿತ್ತು. ಛತ್ರಿ, ರೇನ್‌ಕೋಟ್ ತನ್ನಿ ಅಂತ ಏಜೆನ್ಸಿಯವರು ಒಂದು ಮಾತು ಹೇಳಿರಲಿಲ್ಲ, ಎಲ್ಲರೂ ಹೋಟೆಲಿನ ಪ್ಲಾಸ್ಟಿಕ್ ಚೀಲ ತಲೆಗೆ ಸುತ್ತಿಕೊಂಡರು, ಬೈದಾಡಿದರು. ಅವ್ವ ಸೆರಗು ಕೂಡ ಹೊದೆಯಲಿಲ್ಲ. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಅಂತ ಹೇಳಿಕೊಂಡು ತೋಯಿಸಿಕೊಂಡಳು. ಅಲ್ಲಿ ಯೆಹೂದ್ಯರು ಮಳೆ ಬೇಡುವ ಪ್ರಾರ್ಥನೆ ಶುರು ಮಾಡುವುದರಲ್ಲೂ ಒಂದು ಮರ್ಯಾದೆ ಇದೆ. ಅಕ್ಟೋಬರ್ ಸುಮಾರಿಗೆ ಬರುವ ಪರ್ಣಶಾಲೆಗಳ ಹಬ್ಬ ಮುಗಿದ ತಕ್ಷಣ ಬೇಡುವುದಿಲ್ಲ, ಹದಿನೈದು ದಿನ ತಡೆಯುತ್ತಾರೆ. ಹಬ್ಬಕ್ಕೆ ಬಂದು ವಾಪಸ್ ಹೊರಟ ಯಾತ್ರಿಕರಲ್ಲಿ ಕೊನೆಯವನು ಯೂಫ್ರೆಟಿಸ್ ನದಿ ಮುಟ್ಟುವ ತನಕ ದಾರಿ ಕೆಸರಾಗದಿರಲಿ ಅಂತ. ಹಳೇ ಕಾಲದ ಟೂರ್ ಏಜೆನ್ಸಿ ಚೆನ್ನಾಗಿತ್ತು ಅನ್ನಿಸಿತು.

ಅವತ್ತು ಯೆರಿಕೋ ಮತ್ತು ಲವಣಸಮುದ್ರದ (ಡೆಡ್ ಸೀ) ಸರದಿ. ಯೆರಿಕೋಗೆ ಮುಕ್ಕಾಲು ಗಂಟೆ ದಾರಿ, ಆದರೆ ಇಳಿಜಾರು ಸುಮಾರು ಸಾವಿರ ಮೀಟರ್. ಗುಡ್ಡದ ನೆತ್ತಿ ದಾಟಿದ ಮೇಲೆ ಮಳೆ ಕತ್ತರಿಸಿದ ಹಾಗೆ ನಿಂತಿತು. ಪಡುವಣದ ಗಾಳಿ ತನ್ನ ನೀರೆಲ್ಲ ಆ 550 ಮಿಲಿಮೀಟರಿನ ಗುಡ್ಡಕ್ಕೆ ಸುರಿದು ಖಾಲಿಯಾಗಿ ಇಳಿಯುತ್ತದೆ, ಯೆರಿಕೋಗೆ 150 ಸಿಕ್ಕರೆ ಹೆಚ್ಚು, ಲವಣಸಮುದ್ರದ ತೆಂಕಣ ತುದಿಗೆ 50ರ ಸುತ್ತ. ನಮ್ಮ ಸಹ್ಯಾದ್ರಿ ಇದನ್ನೇ ಮಾಡುತ್ತದೆ, ಅದಕ್ಕೆ ಸ್ವಲ್ಪ ಜಾಗ ಜಾಸ್ತಿ ಬೇಕು ಅಷ್ಟೇ. ಒಣ ಬಿಸಿಲಿನಲ್ಲಿ ಹೋಗುತ್ತಿದ್ದೇವೆ, ಮುಂದೆ ಪೊಲೀಸರು ರಸ್ತೆ ಮುಚ್ಚಿದ್ದಾರೆ. ಮೇಲೆ ಮೋಡ ಇಲ್ಲ, ಕೆಳಗೆ ಹಳ್ಳ ಕಂದು ಬಣ್ಣಕ್ಕೆ ತಿರುಗಿ ಬಂಡೆ ಉರುಳಿಸಿಕೊಂಡು ಬರುತ್ತಿದೆ. ಎಲ್ಲರೂ ಹೌಹಾರಿದರು. ಅವ್ವ, 'ಇದು ನಮ್ಮ ಬೆಣ್ಣಿಹಳ್ಳ!' ಅಂದಳು. ಕುಂದಗೋಳ, ಹುಬ್ಬಳ್ಳಿ ಕಡೆ ಮಳೆಯಾದರೆ ಬಿಸಿಲಿನಲ್ಲಿ ಕೂತ ನವಲಗುಂದದ ಕಡೆಯವರ ಹೊಲಕ್ಕೆ ನೀರು ನುಗ್ಗುವುದನ್ನು ಕಂಡವಳು ಅವಳು. ಮರಳಿನ ಮೇಲೆ ಮನೆ ಕಟ್ಟಿದ ಬುದ್ಧಿಗೇಡಿಯ ಸಾಮ್ಯವನ್ನು ಮೂರು ತಾಸು ಆ ರಸ್ತೆಯಲ್ಲಿ ನಿಂತು ಓದಿದ ಹಾಗಾಯಿತು. ಲವಣಸಮುದ್ರದಲ್ಲಿ ತೇಲುವ ಕಾರ್ಯಕ್ರಮ ರದ್ದಾಯಿತು. ಅದಕ್ಕೆ ಹಣ ವಾಪಸ್ ಕೇಳಿದವರಿಗೆ ಸಿಕ್ಕಿಲ್ಲ. ಇದು ಏಜೆನ್ಸಿಯ ತಪ್ಪಲ್ಲ ಅಂತ ಒಪ್ಪಬಹುದು, ಆದರೆ ಆ ತಿಂಗಳಿನಲ್ಲಿ ಹೀಗಾಗಬಹುದು ಅಂತ ಮುಂಚೆಯೇ ಹೇಳದೇ ಇದ್ದದ್ದು ತಪ್ಪು.

ಬಂಡೆಯಲ್ಲಿ ಕಡಿದ ನೀರಿನ ಗುಂಡಿಗಳನ್ನು ಎಲ್ಲ ಕಡೆ ತೋರಿಸುತ್ತಾರೆ, ಬಾಯಿ ಸಣ್ಣ, ಹೊಟ್ಟೆ ದೊಡ್ಡದು, ಒಳಗೆ ಸುಣ್ಣದ ಗಾರೆ. ನಮ್ಮ ಜೋಳದ ಹಗೇವಿಗೆ ನೀರು ತುಂಬಿದರೆ ಹೇಗೋ ಹಾಗೆ. ಎಂಟು ದಿನಕ್ಕೊಮ್ಮೆ ನಲ್ಲಿ ಕಂಡು ಬೆಳೆದ ಹುಬ್ಬಳ್ಳಿಯವರಿಗೆ ಇದರ ಮಹಿಮೆ ಬೇರೆ ಹೇಳಬೇಕಾಗಿಲ್ಲ. ಯೊರ್ದನ್ ನದಿ ಬಗ್ಗೆ ದೊಡ್ಡ ಕಲ್ಪನೆ ಇಟ್ಟುಕೊಂಡು ಹೋಗಬೇಡಿ, ನಮ್ಮ ಹಳ್ಳದಷ್ಟೇ.

ಐಗುಪ್ತದ ಎರಡು ದಿನ ಗಡಿಬಿಡಿ, ಪಿರಮಿಡ್ಡು, ಒಂಟೆ, ಫೋಟೋ. ನೈಲ್ ದಂಡೆಯಲ್ಲಿ ಮಾತ್ರ ಒಂದು ವಿಷಯ ಹೊಳೆಯಿತು. ಅದೇ 11ನೇ ಅಧ್ಯಾಯದಲ್ಲಿ ಮೋಶೆ ಹೇಳುತ್ತಾನೆ, ನೀವು ಬಿಟ್ಟು ಬಂದ ಐಗುಪ್ತ ಕಾಯಿಪಲ್ಲೆ ತೋಟದ ಹಾಗೆ ಕಾಲಿನಿಂದ ನೀರು ಹಾಯಿಸುವ ನೆಲ, ಹೋಗುತ್ತಿರುವುದು ಆಕಾಶದ ಮಳೆ ಕುಡಿಯುವ ನೆಲಕ್ಕೆ ಅಂತ. ಕೈರೋದಲ್ಲಿ ವರ್ಷಕ್ಕೆ 25 ಮಿಲಿಮೀಟರ್ ಮಳೆ ಬಂದರೆ ದೊಡ್ಡದು. ನೈಲ್ ತುಂಬುವುದು ಇಥಿಯೋಪಿಯದ ಎತ್ತರದ ನೆಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ಮಳೆಯಿಂದ, ಅಂದರೆ ನಮ್ಮ ಮುಂಗಾರಿನ ತಿಂಗಳುಗಳು! 1970ರಲ್ಲಿ ಮುಗಿದ ಅಸ್ವಾನ್‌ನ ದೊಡ್ಡ ಅಣೆಕಟ್ಟು ನೀರು ತಡೆಯುವ ತನಕ ಆ ನೀರು ಪ್ರತಿ ವರ್ಷ ಹೊಲ ತುಂಬಿ ಮಣ್ಣು ಬಿಟ್ಟು ಹೋಗುತ್ತಿತ್ತು. ಅವ್ವ ಇದನ್ನು ಒಂದೇ ಮಾತಿನಲ್ಲಿ ಮುಗಿಸಿದಳು. 'ಮಲಪ್ರಭಾ ಕಾಲುವಿ ಹೊಲ ಬಿಟ್ಟು ಖುಷ್ಕಿ ಹೊಲಕ್ಕ ಹೋದಂಗಾತು. ಗೊಣಗಾಡದೇ ಏನ್ ಮಾಡ್ತಾರ ಮಂದಿ?' ಮೋಶೆಯ ಹಿಂದೆ ಹೊರಟ ಇಸ್ರಾಯೇಲ್ಯರು ನಲವತ್ತು ವರ್ಷ ಗೊಣಗಿದ್ದು ಯಾಕೆ ಅಂತ ಇಷ್ಟು ಸರಿಯಾಗಿ ಚರ್ಚಿನ ಯಾವ ಪ್ರಸಂಗದಲ್ಲೂ ನಾನು ಕೇಳಿರಲಿಲ್ಲ.

ನಾನು ಕೊಡುವುದು ಐದಕ್ಕೆ ಮೂರು. ಹೋಟೆಲ್, ಬಸ್ಸು, ವೀಸಾ ಕೆಲಸಕ್ಕೆ ನಾಲ್ಕು ಕೊಡಬಹುದು, ವಿವರಣೆಗೆ ಎರಡು, ಫೋಟೋಕ್ಕೆ ಸೊನ್ನೆ, ಬೇತ್ ಜಾಲಾದ ಆ ಮನುಷ್ಯನಿಗೆ ಐದಕ್ಕೆ ಆರು. ಬುಕ್ ಮಾಡುವವರು ಮೊದಲು ತಿಂಗಳು ನೋಡಿ, ಆಮೇಲೆ ರೇಟು. ಹಸಿರು, ಹೂವು ಬೇಕಿದ್ದರೆ ಫೆಬ್ರವರಿ ಕೊನೆ, ಮಾರ್ಚ್. ಬಾದಾಮಿ ಮರದ ಹೂವು ಅದಕ್ಕೂ ಮುಂಚೆ, ಜನವರಿ ಕೊನೆಗೇ ಬರುತ್ತದೆ, ಪ್ರವಾದಿ ಯೆರೆಮೀಯ ದರ್ಶನದಲ್ಲಿ ಕಂಡದ್ದು ಆ ಮರದ ಕೊಂಬೆಯನ್ನೇ. ಕೊಯ್ಲು ನೋಡಬೇಕಿದ್ದರೆ ಏಪ್ರಿಲ್, ಮೇ, ಆಗ ಮೂಡಣ ಮರುಭೂಮಿಯ ಬಿಸಿ ಗಾಳಿ ಬಂದರೆ ನಮ್ಮ ಗದಗಿನ ಮೇ ತಿಂಗಳು ತಂಪು ಅನ್ನಿಸುತ್ತದೆ. ದ್ರಾಕ್ಷಿ, ಅಂಜೂರಕ್ಕೆ ಆಗಸ್ಟ್. ಎಣ್ಣೆಮರದ ಕೊಯ್ಲು, ಮೊದಲ ಮಳೆ ಬೇಕಿದ್ದರೆ ನಾವು ಹೋದ ತಿಂಗಳೇ ಸರಿ, ಛತ್ರಿ ಇರಲಿ. ಬೈಬಲಿನ ಗಿಡಮರಗಳಿಗೆಂದೇ ಮಾಡಿದ ನೆಯೋತ್ ಕೆದುಮಿಮ್ ಅನ್ನುವ ದೊಡ್ಡ ವನ ಯೆರೂಸಲೇಮಿನಿಂದ ತೆಲ್ ಅವೀವ್ ಕಡೆ ಹೋಗುವ ದಾರಿಯಲ್ಲಿದೆ, ಒಂದು ಅಂಗಡಿ ಬಿಡಿಸಿ ಅದನ್ನು ಸೇರಿಸಿ ಅಂತ ಹಟ ಹಿಡಿಯಿರಿ. ನಾವು ಹೋಗಲಿಲ್ಲ, ಅದರ ಹೆಸರೇ ಆಮೇಲೆ ಗೊತ್ತಾದದ್ದು.

ಜಾಹೀರಾತು ಬಂದ ದಿನ ಗುಂಪಿನಲ್ಲಿ, 'ಇದು ಫೆಬ್ರವರಿಯ ಫೋಟೋ, ಫೆಬ್ರವರಿಯಲ್ಲೇ ಕರೆದುಕೊಂಡು ಹೋಗಿ' ಅಂತ ಬರೆದೆ. ಏಜೆನ್ಸಿಯ ಹುಡುಗ ಅರ್ಧ ತಾಸು ಬಿಟ್ಟು, ಆಯ್ತು ಸರ್, ಮುಂದಿನ ಫೆಬ್ರವರಿ 20ಕ್ಕೆ ಒಂದು ಗುಂಪು ಮಾಡೋಣ, ನೀವು ಮತ್ತು ಅಮ್ಮ ಮೊದಲ ಹೆಸರು ಅಂದ. ಅವ್ವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

'ಫೆಬ್ರವರ್‍ಯಾಗ ಜ್ವಾಳದ ರಾಶಿ ಇರ್ತೈತಲ್ಲೋ, ಹೆಂಗ ಹೋಗೂದು?'